ಓದುಗರ ಪ್ರಶ್ನೆ: ಮಳೆ ಬಿದ್ದ ಮೇಲೆ ಎಸಿ ಸೋರುತ್ತಿದೆ

ಪ್ರಶ್ನೆ: ಕೋಲಾರದ ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಇದೆ. ಮಾರ್ಚ್, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಯಾವ ತೊಂದರೆಯನ್ನೂ ಕೊಡದ ಅದು, ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ರಾತ್ರಿ ಹಾಕಿದ ಎರಡು ಗಂಟೆಗೆಲ್ಲ ಮುಂಭಾಗದ ಅಂಚಿನಿಂದ ತೊಟ್ಟಿಕ್ಕುತ್ತಿದೆ. ಗೋಡೆಯ ಬಣ್ಣವೂ ಉಬ್ಬುತ್ತಿದೆ. ತಂಪು ಮಾತ್ರ ಮೊದಲಿನಂತೆಯೇ ಇದೆ. ನೋಡಲು ಬಂದ ಮೆಕ್ಯಾನಿಕ್ ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು ಎಂದಿದ್ದಾರೆ. ಕೊಳವೆಬಾವಿಯ ನೀರನ್ನು ಅಳೆದು ಬಳಸುವವರು ನಾವು. ಎಸಿಯ ನೀರು ಪೋಲಾಗದಿರಲೆಂದು ಹೊರಗಿನ ಪೈಪನ್ನು 20 ಲೀಟರಿನ ಕ್ಯಾನಿನ ತಳದವರೆಗೆ ಇಳಿಬಿಟ್ಟು, ಹಿಡಿದ ನೀರನ್ನು ಹೂಕುಂಡಗಳಿಗೆ ಹಾಕುತ್ತೇವೆ. ಗ್ಯಾಸ್ ತುಂಬಿಸಲೇಬೇಕೆ?
– ನಿವೃತ್ತ ಶಿಕ್ಷಕಿ, ಕೋಲಾರ

ಉತ್ತರ: ಸದ್ಯಕ್ಕೆ ಬೇಡ. ಮೊದಲು ಆ ಪೈಪನ್ನು ಕ್ಯಾನಿನಿಂದ ಮೇಲೆತ್ತಿ, ಅದರ ತುದಿ ಗಾಳಿಯಲ್ಲಿ ತೂಗುವಂತೆ ಬಿಟ್ಟು, ಒಂದು ರಾತ್ರಿ ಎಸಿ ಹಾಕಿ ನೋಡಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂದಿದ್ದು ಆ ಕ್ಯಾನಿನ ಮೇಲೆಯೇ.

ಎಸಿಯೊಳಗೆ ನೀರು ಹುಟ್ಟುವುದು ದೋಷವಲ್ಲ. ಫ್ರಿಜ್‌ನಿಂದ ತೆಗೆದಿಟ್ಟ ಮಜ್ಜಿಗೆಯ ಚೊಂಬಿನ ಹೊರಮೈ ಬೆವರುವಂತೆ, ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ಕೊಳವೆ ಸುರುಳಿಗೆ, ಅಂದರೆ ಕಾಯಿಲ್‌ಗೆ ಕೋಣೆಯ ಗಾಳಿ ತಾಗಿದಾಗ ಅದರಲ್ಲಿನ ತೇವ ಹನಿಗಟ್ಟಿ, ಕೆಳಗಿನ ಟ್ರೇಗೆ ಬಿದ್ದು, ಅಲ್ಲಿಂದ ಪೈಪಿನ ಮೂಲಕ ಹೊರಗೆ ಹೋಗುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 10 ಡಿಗ್ರಿಗೆ ಇಳಿದರೆ ಸುಮಾರು 9 ಗ್ರಾಂ ಮಾತ್ರ. ನಿಮ್ಮ ಕಡೆಯ ಏಪ್ರಿಲ್ ಗಾಳಿ ಬಿಸಿಯಾಗಿದ್ದರೂ ಒಣಗಾಳಿಯಾದ್ದರಿಂದ ಹೆಚ್ಚು ನೀರು ಇಳಿಯುವುದಿಲ್ಲ. ಅರ್ಧ ಕಟ್ಟಿಕೊಂಡ ಪೈಪು ಕೂಡ ಅಷ್ಟನ್ನು ಹೇಗೋ ಸಾಗಿಸಿಬಿಡುತ್ತದೆ. ಮುಂಗಾರುಪೂರ್ವ ಮಳೆಯಿಂದ ಗಾಳಿ ತೇವಗೊಂಡಾಗ ಇದೇ ಯಂತ್ರ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರನ್ನು ಇಳಿಸಬಹುದು. ದಾರಿ ಸರಿಯಿಲ್ಲದಿದ್ದರೆ ಅದು ಬಯಲಾಗುವುದು ಆಗಲೇ.

ಇನ್ನು ಕ್ಯಾನಿನ ವಿಚಾರ. ಈ ಪೈಪಿನಲ್ಲಿ ನೀರನ್ನು ತಳ್ಳುವ ಪಂಪು ಇರುವುದಿಲ್ಲ, ಇಳಿಜಾರೇ ಅದರ ಬಲ. ತುದಿ ನೀರಿನಲ್ಲಿ ಮುಳುಗಿದ ಮೇಲೆ ಪೈಪಿನೊಳಗಿನ ಗಾಳಿಗೆ ಹೊರಹೋಗಲು ದಾರಿಯಿರದು. ನಡುವೆ ಎಲ್ಲಾದರೂ ಪೈಪು ಜೋತುಬಿದ್ದು ಅಲ್ಲಿ ನೀರು ನಿಂತಿದ್ದರೆ, ಎರಡು ನೀರಿನ ನಡುವೆ ಸಿಕ್ಕ ಗಾಳಿ ಬಿರಡೆಯಂತೆ ಕೂತು, ಹಿಂದಿನಿಂದ ಬರುವ ನೀರನ್ನು ಟ್ರೇಯಲ್ಲೇ ತಡೆಯುತ್ತದೆ. ಏಪ್ರಿಲ್‌ನಲ್ಲಿ ಕ್ಯಾನು ತುಂಬುತ್ತಿದ್ದುದು ಕಡಿಮೆ, ಈಗ ಬೇಗ ತುಂಬುತ್ತಿರಬೇಕು. ನೀರನ್ನು ಹಿಡಿಯುವುದನ್ನು ಖಂಡಿತ ನಿಲ್ಲಿಸಬೇಡಿ. ಪೈಪಿನ ತುದಿ ಕ್ಯಾನಿನ ಬಾಯಿಗಿಂತ ಒಂದು ಗೇಣು ಮೇಲಿರಲಿ, ಅಷ್ಟೇ.

ಆಮೇಲೂ ಸೋರಿದರೆ ಪೈಪಿನೊಳಗೆ ಕಸ ಕಟ್ಟಿರಬಹುದು. ಎಸಿಗೆ ವಿದ್ಯುತ್ ಕಡಿಯುವ ಸ್ವಿಚ್ಚನ್ನು (ಎಂ.ಸಿ.ಬಿ.) ಆಫ್ ಮಾಡಿ, ಮುಚ್ಚಳ ತೆರೆದು, ಫಿಲ್ಟರುಗಳನ್ನು ಹೊರತೆಗೆದು, ಅರ್ಧ ಲೀಟರ್ ನೀರನ್ನು ವಿದ್ಯುತ್ ಭಾಗಗಳ ಕಡೆಗೆ ಹೋಗದಂತೆ ಕಾಯಿಲ್‌ನ ಮೇಲೆ ನಿಧಾನವಾಗಿ ಸುರಿಸಿ. ಹೊರಗೆ ಧಾರೆಯಾಗಿ ಬಂದರೆ ದಾರಿ ಸರಿಯಿದೆ; ಬಾರದಿದ್ದರೆ ಧೂಳು ಮತ್ತು ಲೋಳೆ ಸೇರಿ ಕಟ್ಟಿಕೊಂಡಿದೆ, ಇಲ್ಲವೇ ತುದಿಯಲ್ಲಿ ಕಣಜ ಗೂಡು ಕಟ್ಟಿದೆ. ಇದನ್ನು ಹೊರಗಿನಿಂದ ಊದಬಾರದು, ಕಸವೆಲ್ಲ ಟ್ರೇಗೆ ವಾಪಸಾಗುತ್ತದೆ. ನೀರೆಳೆಯುವ ವ್ಯಾಕ್ಯೂಮ್ ಯಂತ್ರದಿಂದ ಹೊರಗಿನ ತುದಿಯಲ್ಲಿ ಎಳೆಸುವುದೇ ಸರಿಯಾದ ಕ್ರಮ. ಘಟಕವು ಪೈಪಿನ ವಿರುದ್ಧ ಬದಿಗೆ ವಾಲಿದೆಯೇ ಎಂಬುದನ್ನು ಗಾರೆ ಮೇಸ್ತ್ರಿಯ ರಸಮಟ್ಟವನ್ನಿಟ್ಟು ಒಮ್ಮೆ ನೋಡಿಸಿ. ಘಟಕದ ಕೆಳಗೆ ಪ್ಲಗ್ಗು ಇದ್ದರೆ, ಸೋರಿಕೆ ನಿಲ್ಲುವ ತನಕ ಎಸಿಯನ್ನು ಬಳಸಬೇಡಿ.

ಗ್ಯಾಸಿನ ಮಾತಿಗೆ ಬರೋಣ. ಎಸಿಯ ಗ್ಯಾಸು ಅಡುಗೆ ಗ್ಯಾಸಿನಂತೆ ಉರಿದು ಖರ್ಚಾಗುವಂಥದ್ದಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ರಂಧ್ರವಿದೆ ಎಂದರ್ಥ. ಗ್ಯಾಸು ಕಡಿಮೆಯಾದಾಗಲೂ ನೀರು ಸೋರುವುದುಂಟು ಎಂಬುದನ್ನು ಒಪ್ಪುತ್ತೇನೆ: ಆಗ ಕಾಯಿಲ್ ಅತಿಯಾಗಿ ತಣ್ಣಗಾಗಿ ಮಂಜುಗಡ್ಡೆ ಕಟ್ಟುತ್ತದೆ, ಅದು ಕರಗುವಾಗ ಟ್ರೇಯ ಅಂಚು ಮೀರಿ ಸುರಿಯುತ್ತದೆ. ಆದರೆ ಅಂಥ ಯಂತ್ರ ಕೋಣೆಯನ್ನು ಮೊದಲಿನಂತೆ ತಂಪಾಗಿಡುವುದಿಲ್ಲ. ನಿಮ್ಮದು ಇಡುತ್ತಿದೆ. ಹಾಗಿರುವಾಗ ಅಳತೆಯ ಉಪಕರಣವನ್ನು ಹಚ್ಚಿ ತೋರಿಸದೆ ಹೇಳಿದ ಗ್ಯಾಸಿನ ಮಾತನ್ನು ನಾನಂತೂ ಒಪ್ಪಲಾರೆ. ಒಂದುವೇಳೆ ಕಾಯಿಲ್‌ನಲ್ಲಿ ಗಡ್ಡೆ ಕಂಡರೂ ಮೊದಲು ಫಿಲ್ಟರನ್ನು ತೊಳೆಯಿರಿ, ಏಕೆಂದರೆ ಧೂಳು ತುಂಬಿ ಗಾಳಿ ಕಟ್ಟಿದರೂ ಗಡ್ಡೆ ಕಟ್ಟುತ್ತದೆ. ತೊಳೆದ ಮೇಲೂ ಕಟ್ಟಿದರೆ, ರಂಧ್ರವನ್ನು ಹುಡುಕಿ ಬೆಸೆದು, ಕೊಳವೆಗಳೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೊರಗೆಳೆದು (ವ್ಯಾಕ್ಯೂಮ್ ಮಾಡಿ), ಘಟಕದ ಫಲಕದಲ್ಲಿ ಬರೆದಿರುವಷ್ಟೇ ತೂಕದ ಗ್ಯಾಸು ತುಂಬಲು ಒಪ್ಪುವವರಿಗೆ ಕೆಲಸ ಕೊಡಿ. ಬೇಸಿಗೆಯಲ್ಲಿ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ನಿಮ್ಮ ಗಡಸು ನೀರು ಅದರ ಮೇಲೆ ಬಿಳಿ ಕಲೆ ಬಿಡುವುದರಿಂದ ಕೊನೆಯ ಜಾಲಾಡುವಿಕೆಗೆ ಅದೇ ಕ್ಯಾನಿನ ನೀರನ್ನು ಬಳಸಬಹುದು.

ಪ್ರಶ್ನೆ: ಎಸಿಯಿಂದ ಬರುವ ನೀರು ಬಟ್ಟಿ ಇಳಿಸಿದಷ್ಟೇ ಶುದ್ಧ, ಇನ್ವರ್ಟರ್ ಬ್ಯಾಟರಿಗೂ ಹಾಕಬಹುದು, ಕುದಿಸಿ ಕುಡಿಯಲೂಬಹುದು ಎನ್ನುತ್ತಾರೆ. ನಿಜವೆ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಅರ್ಧ ನಿಜ. ಗಾಳಿಯಿಂದ ಇಳಿದ ನೀರಾದ್ದರಿಂದ ಅದರಲ್ಲಿ ಕೊಳವೆಬಾವಿಯ ಲವಣಗಳಾಗಲಿ ಫ್ಲೋರೈಡ್ ಆಗಲಿ ಇರುವುದಿಲ್ಲ. ಫ್ಲೋರೈಡಿನಿಂದ ಬಳಲಿದ ನಿಮ್ಮ ಜಿಲ್ಲೆಯವರಿಗೆ ಆಸೆ ಹುಟ್ಟುವುದು ಸಹಜವೇ. ಆದರೆ ಅದು ತಾಮ್ರ, ಅಲ್ಯೂಮಿನಿಯಂ ಕಾಯಿಲ್‌ನ ಮೇಲೆ ಹರಿದು, ಧೂಳು ಮತ್ತು ಲೋಳೆಯಿರುವ ಟ್ರೇಯನ್ನು ದಾಟಿ ಬಂದಿರುತ್ತದೆ. ಕುದಿಸಿದರೆ ರೋಗಾಣುಗಳು ಸಾಯಬಹುದು, ಲೋಹದ ಅಂಶ ಹೋಗದು, ಆದ್ದರಿಂದ ಕುಡಿಯಬೇಡಿ. ಬ್ಯಾಟರಿಗೆ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ನೆಲ ಒರೆಸಲು, ಗಾಡಿ ತೊಳೆಯಲು, ಗಿಡಗಳಿಗೆ ಧಾರಾಳವಾಗಿ ಬಳಸಿ. ಹಿಡಿದ ನೀರನ್ನು ಮಾತ್ರ ತೆರೆದಿಟ್ಟು ದಿನಗಟ್ಟಲೆ ಬಿಡಬೇಡಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ.