ಕಾರಿನ ಫಾಗ್ ಲೈಟ್ ಪದೇ ಪದೇ ಒಡೆಯುವುದೇಕೆ, ಬದಲಿಸಿದ ಮೇಲೆ ಕಾಪಾಡಿಕೊಳ್ಳುವುದು ಹೇಗೆ?

ಫಾಗ್ ಲೈಟ್ ಬಂಪರ್‌ನ ತಳಭಾಗದಲ್ಲಿ, ಮುಂದಿನ ವಾಹನದ ಚಕ್ರಗಳು ಸಿಡಿಸುವ ಕಲ್ಲುಗಳಿಗೆ ಎದುರಾಗಿಯೇ ಇರುವುದರಿಂದ ಬೇಗ ಒಡೆಯುತ್ತದೆ; ಅಲ್ಲದೆ ಹ್ಯಾಲೊಜನ್ ಬಲ್ಬ್‌ನಿಂದ ಕಾದ ಗಾಜಿನ ಮೇಲೆ ತಣ್ಣೀರು ರಾಚಿದರೆ ಹೊರಮೈ ಒಳಮೈಗಿಂತ ಬೇಗ ಕುಗ್ಗಿ, ಕಲ್ಲು ತಾಗದೆಯೂ ಬಿರುಕು ಬಿಡಬಹುದು. ಬಲ್ಬ್ ಇನ್ನೂ ಉರಿಯುತ್ತಿದೆಯೆಂದು ಬಿರುಕನ್ನು ಕಡೆಗಣಿಸಬಾರದು, ಏಕೆಂದರೆ ಒಳಹೊಕ್ಕ ತೇವವು ಪ್ರತಿಫಲಕದ, ಅಂದರೆ ಬೆಳಕನ್ನು ಮುಂದಕ್ಕೆ ಹಾಯಿಸುವ ಕನ್ನಡಿಯಂಥ ಬಟ್ಟಲಿನ, ಹೊಳಪನ್ನು ಕ್ರಮೇಣ ತಿಂದುಹಾಕುತ್ತದೆ. ಆದ್ದರಿಂದ ಗಾಜಿಗೆ ಅಂಟು ಮೆತ್ತುವುದಕ್ಕಿಂತ ಇಡೀ ದೀಪವನ್ನೇ ಬದಲಿಸುವುದು ಒಳ್ಳೆಯದು. ಹೊಸ ಹ್ಯಾಲೊಜನ್ ಬಲ್ಬ್‌ನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕುಳಿತ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹಾಳಾಗುತ್ತದೆ. ಕಲ್ಲೇಟು ತಡೆಯಲು ದೀಪಗಳಿಗೆಂದೇ ತಯಾರಾದ ಪಾರದರ್ಶಕ ಫಿಲ್ಮ್ ಅಂಟಿಸಬಹುದು. ತಣ್ಣೀರಿನ ಬಿರುಕಿಗೆ ಮಾತ್ರ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನೀರು ನಿಂತ ರಸ್ತೆಗೆ ಇಳಿಯುವ ಮುನ್ನ ದೀಪ ಆರಿಸಿ ತುಸು ತಣಿಯಲು ಬಿಡಬೇಕು.