ಸೋಂಕು ಮೂತ್ರದಲ್ಲಿ, ಬಿಪಿ ಯಾಕೆ ಬಿತ್ತು?

ಪ್ರಶ್ನೆ: ನಮ್ಮಪ್ಪಂಗೆ 68 ವರ್ಷ, ಸುಮಾರು ವರ್ಷದಿಂದ ಬಿಪಿ ಮಾತ್ರೆ ತಗೋತಾರೆ. ಹೋದ ತಿಂಗಳು ಯೂರಿನ್ ಇನ್ಫೆಕ್ಷನ್ ಆಗಿ ಚಳಿಜ್ವರ ಬಂತು, ಐಸಿಯುಗೆ ಸೇರ್ಸೋ ಹೊತ್ತಿಗೆ ಬಿಪಿ 80/50. ಒಂದು ಹನಿ ರಕ್ತ ಹೋಗಿರ್ಲಿಲ್ಲ, ಕೈಕಾಲು ಮುಟ್ಟಿದ್ರೆ ಬೆಚ್ಚಗೇ ಇತ್ತು. ಡ್ರಿಪ್ ಏರಿಸಿದ್ರೂ ಮೇಲೆ ಬರ್ಲಿಲ್ಲ, ಆಮೇಲೆ ಬಿಪಿ ಏರಿಸೋ ಔಷಧಿ ನಾರ್‌ಅಡ್ರಿನಲಿನ್ ಹಾಕಿ ಡೋಸ್ ಜಾಸ್ತಿ ಮಾಡ್ತಾನೇ ಹೋದ್ರು. ಈಗ ಮನೆಗೆ ಬಂದಿದಾರೆ. ಆದ್ರೆ ಹೀಗ್ಯಾಕಾಯ್ತು? - ಓದುಗರು, ದಾವಣಗೆರೆ

ಉತ್ತರ: ಅಪ್ಪ ಮನೆಗೆ ಬಂದ್ರಲ್ಲ, ಅದನ್ನ ಓದಿ ಸಮಾಧಾನ ಆಯ್ತು. ಕೈ ಬೆಚ್ಚಗಿತ್ತು ಅಂತ ಬರ್ದಿದೀರಲ್ಲ, ಉತ್ತರ ಅಲ್ಲೇ ಇದೆ.

ಸಣ್ಣ ರಕ್ತನಾಳಗಳ ಗೋಡೆಲಿ ಉಂಗುರದ ಥರ ಸ್ನಾಯು ಇರುತ್ತೆ, ಅದು ಯಾವಾಗ್ಲೂ ಅರ್ಧ ಬಿಗಿ ಹಿಡ್ಕೊಂಡೇ ಇರುತ್ತೆ, ತೋಟದ ಪೈಪಿನ ಬಾಯಿ ಬೆರಳಲ್ಲಿ ಒತ್ತಿ ಹಿಡಿದಂಗೆ. ಬೆರಳು ತೆಗೆದ್ರೆ ನೀರು ಬರುತ್ತೆ, ರಭಸ ಇರಲ್ಲ. ಅಪ್ಪಂಗೆ ಆಗಿದ್ದು ಅದೇ: ನಾಳಗಳು ಸಡಿಲ ಆದ್ವು, ಚರ್ಮಕ್ಕೆ ರಕ್ತ ಹರಿದು ಕೈ ಬೆಚ್ಚಗಾಯ್ತು, ಒತ್ತಡ ಬಿತ್ತು.

ಸಡಿಲ ಮಾಡಿದ್ದು ಯಾರು? ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ಇ. ಕೋಲೈ ಬ್ಯಾಕ್ಟೀರಿಯಾ, ಅದರ ಹೊರಪದರದಲ್ಲಿ ಎಲ್‌ಪಿಎಸ್ ಅನ್ನೋ ವಸ್ತು ಇದೆ. ಸೋಂಕು ರಕ್ತಕ್ಕೆ ಸೇರಿದ್ರೆ ಇದೂ ನಾಳಗಳಿಗೆ ತಲುಪುತ್ತೆ. ಜೀವಕೋಶದ ಮೇಲೆ ಕೂತು ಅದನ್ನ ಗುರುತು ಹಿಡಿಯೋ ರಿಸೆಪ್ಟರ್ ಟಿಎಲ್‌ಆರ್4, ಹುಟ್ಟಿನಿಂದ್ಲೇ ಬಂದಿರೋ ಕಾವಲು ವ್ಯವಸ್ಥೆಯ ಭಾಗ. (ಇದರ ಮೂಲ ಸಿಕ್ಕಿದ್ದು ಹಣ್ಣಿನ ನೊಣದಲ್ಲಿ, ಹಾಫ್‌ಮನ್, ಬ್ಯೂಟ್ಲರ್ ಅವರಿಗೆ 2011ರ ನೊಬೆಲ್ ಬಂದಿದ್ದು ಈ ಕೆಲಸಕ್ಕೇ.) ಇದು ಬಿಳಿ ರಕ್ತಕಣದಲ್ಲಿ ಮಾತ್ರ ಅಲ್ಲ, ನಾಳದ ಸ್ನಾಯುವಿನಲ್ಲೂ ಇದೆ. ಎಲ್‌ಪಿಎಸ್ ತಾಗಿದ್ರೆ ಆ ಸ್ನಾಯು ತಾನೇ ನೈಟ್ರಿಕ್ ಆಕ್ಸೈಡ್ ತಯಾರಿಸೋಕೆ ಶುರು ಮಾಡುತ್ತೆ, ಗಂಟೆಗಟ್ಟಲೆ, ಲೆಕ್ಕವಿಲ್ಲದಷ್ಟು. ಆ ಅನಿಲ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಇಳಿಸುತ್ತೆ, ಕ್ಯಾಲ್ಸಿಯಂ ಇಲ್ದೆ ಬಿಗಿ ಹಿಡಿಯೋಕಾಗಲ್ಲ.

ಡೋಸ್ ಯಾಕೆ ಏರಿಸ್ಬೇಕಾಯ್ತು ಅನ್ನೋದು ಲ್ಯಾಬಲ್ಲಿ ಕಣ್ಣಿಗೇ ಕಾಣುತ್ತೆ. ಇಲಿಯ ರಕ್ತನಾಳದ 2 ಮಿಲಿಮೀಟರ್ ತುಂಡಿಗೆ ಕೂದಲಿಗಿಂತ ಸಣ್ಣ ಎರಡು ತಂತಿ ಪೋಣಿಸಿ, 37 ಡಿಗ್ರಿ ಉಪ್ಪುನೀರಲ್ಲಿ ಇಟ್ಟು ನಾರ್‌ಅಡ್ರಿನಲಿನ್ ಹಾಕಿದ್ರೆ ಉಂಗುರ ಬಿಗಿಯುತ್ತೆ, ಗ್ರಾಫ್ ಸರ್ರಂತ ಮೇಲೇರುತ್ತೆ. ಅದೇ ತುಂಡನ್ನ ಕೆಲವು ಗಂಟೆ ಎಲ್‌ಪಿಎಸ್‌ನಲ್ಲಿ ನೆನೆಸಿ ಅಷ್ಟೇ ಔಷಧಿ ಹಾಕಿ, ಗ್ರಾಫ್ ಮೇಲೇಳೋಕೇ ಒದ್ದಾಡುತ್ತೆ. ನಾಳದ ಒಳಪದರ ಕೆರೆದು ತೆಗೆದ್ರೂ ಹಿಂಗೇ, ಅಂದ್ರೆ ಸ್ನಾಯುವೇ ಮಾತು ಕೇಳ್ತಿಲ್ಲ.

ಹಂಗಾದ್ರೆ ಈ ರಿಸೆಪ್ಟರನ್ನೇ ಮುಚ್ಚಬಹುದಲ್ವಾ ಅಂದ್ರೆ, ಎರಿಟೋರಾನ್ ಅನ್ನೋ ಔಷಧಿಲಿ ಇಂಥ ತೀವ್ರ ಸೋಂಕಿನ ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ಮಾಡಿದ್ರು, 2013ರಲ್ಲಿ ಫಲಿತಾಂಶ ಬಂತು, ಸಾವು ಕಮ್ಮಿಯಾಗ್ಲಿಲ್ಲ. ನೈಟ್ರಿಕ್ ಆಕ್ಸೈಡ್ ತಡೆಯೋ ಒಂದು ಔಷಧಿಯಿಂದ ಸಾವು ಜಾಸ್ತಿನೇ ಆಯ್ತು. ಹಾಗಾಗಿ ಇವತ್ತಿಗೂ ಬೇಗ ಆಂಟಿಬಯೋಟಿಕ್, ಡ್ರಿಪ್, ನಾರ್‌ಅಡ್ರಿನಲಿನ್ ಕೊಟ್ಟು ಸರಾಸರಿ ಒತ್ತಡ 65ರ ಮೇಲೆ ಇಡೋದೇ ದಾರಿ. ಈ ಸರಾಸರಿಗೆ ಕೆಳಗಿನ ಅಂಕಿಗೆ ಎರಡು ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗ ಕೂಡಿಸ್ತಾರೆ, ಅಪ್ಪನ 80/50ಗೆ ಆ ಲೆಕ್ಕ 60 ಬರುತ್ತೆ.

ನನಗೆ ತುಂಬ ವಿಚಿತ್ರ ಅನ್ಸೋದು ಇನ್ನೊಂದಿದೆ: ವಂಶಗುಣದಿಂದ್ಲೇ ಬಿಪಿ ಜಾಸ್ತಿಯಾಗೋ ತಳಿಯ ಇಲಿಗಳಿಗೆ ಟಿಎಲ್‌ಆರ್4 ತಡೆಯೋ ಆಂಟಿಬಾಡಿ ಕೊಟ್ರೆ ಬಿಪಿ ಇಳೀತು, ನಾಳ ಅತಿಯಾಗಿ ಬಿಗಿಯೋದೂ ಕಮ್ಮಿಯಾಯ್ತು. ಒಮ್ಮೆಗೇ ಜೋರಾಗಿ ಕೆರಳಿದ್ರೆ ಸಡಿಲ, ಸಣ್ಣಗೆ ದಿನಾ ಕೆರಳ್ತಿದ್ರೆ ಬಿಗಿ. ಇದು ಇಲಿಗಳ ಮಾತು, ಅಪ್ಪನ ಬಿಪಿಗೂ ಇದೇ ಕಾರಣ ಅಂತ ತಗೋಬೇಡಿ.

ಬಿಪಿ ಮಾತ್ರೆ ಹಳೇ ಡೋಸಲ್ಲೇ ಮತ್ತೆ ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳಿ. ಮುಂದೆ ಯಾವಾಗ್ಲಾದ್ರೂ ಉರಿಮೂತ್ರದ ಜೊತೆ ಚಳಿ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಕರ್ಕೊಂಡು ಹೋಗಿ.