ಐವಿಎಫ್ ಜೊತೆ ಮೆಟ್‌ಫಾರ್ಮಿನ್: 1.30 ಅಂದರೆ 30% ಲಾಭವೇ?

ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಶಯದ ಕೆಲಸ ಹದತಪ್ಪುವ ತೊಂದರೆ) ಇರುವವರು ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ) ವೇಳೆ ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಮಗುವಾಗುವ ಸಾಧ್ಯತೆ 30% ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ನೀವು ನೋಡಿದ್ದು 2020ರ ಕಾಕ್ರೇನ್ ವಿಮರ್ಶೆಯ (ಹಲವು ಪ್ರಯೋಗಗಳನ್ನು ಒಟ್ಟಿಗೆ ಅಳೆಯುವ ವರದಿ) 1.30 ಇರಬೇಕು. ಮಾತ್ರೆ ತೆಗೆದುಕೊಂಡವರಲ್ಲಿ ಮಗುವಾದ ಪ್ರಮಾಣ, ತೆಗೆದುಕೊಳ್ಳದವರಿಗಿಂತ ಎಷ್ಟು ಪಟ್ಟು ಎಂಬ ಅಂಕಿ ಅದು. ಪಕ್ಕದಲ್ಲೇ ಇರುವ 0.94–1.79 ಎಂಬ ವ್ಯಾಪ್ತಿಯನ್ನು (ನಿಜವಾದ ಅಂಕಿ ಇರಬಹುದಾದ ಮಿತಿಗಳು) ಬಿಟ್ಟು ಓದಬೇಡಿ. 1 ಅಂದರೆ ವ್ಯತ್ಯಾಸವೇ ಇಲ್ಲ ಎಂದು. ಈ ವ್ಯಾಪ್ತಿ ಅದರ ಎರಡೂ ಬದಿಗೆ ಚಾಚಿದೆ. ತುಸು ನಷ್ಟವೂ ಆಗಿರಬಹುದು, ಒಳ್ಳೆಯ ಲಾಭವೂ ಆಗಿರಬಹುದು. ಒಟ್ಟು 6 ಪ್ರಯೋಗ, 651 ಮಹಿಳೆಯರು, ಅಷ್ಟೇ.

ಬಹಳ ಜನ ಗಮನಿಸದ ಸಂಗತಿ: ಇದು ಲಾಂಗ್ ಅಗೊನಿಸ್ಟ್ ಪ್ರೋಟೋಕಾಲ್‌ನ (ಅಂಡಾಶಯ ಪ್ರಚೋದಿಸುವ ಮೊದಲೇ ದೇಹದ ಹಾರ್ಮೋನ್ ತಗ್ಗಿಸುವ ಚಿಕಿತ್ಸಾ ಕ್ರಮ) ಅಂಕಿ. ಆಂಟಗೊನಿಸ್ಟ್ ಪ್ರೋಟೋಕಾಲ್‌ನಲ್ಲಿ (ಪ್ರಚೋದನೆಯ ನಡುವೆ ಕೆಲವೇ ದಿನ ಹಾರ್ಮೋನ್ ತಡೆಯುವ ಕ್ರಮ) ಸಿಕ್ಕಿದ್ದು 0.48, ಅಂದರೆ ಹೆರಿಗೆವರೆಗೆ ಹೋದವರು ಕಡಿಮೆ. ಅದು 153 ಮಹಿಳೆಯರ ಒಂದೇ ಪ್ರಯೋಗವಾದ್ದರಿಂದ ಕೊನೆಯ ಮಾತಲ್ಲ. ಹಾಗಂತ ಎರಡನ್ನೂ ಕಲಸಿ ಒಂದು ಸರಾಸರಿ ತೆಗೆಯುವುದೂ ಸರಿಯಲ್ಲ.

ಈ ಮಾತ್ರೆಯ ಪರ ಗಟ್ಟಿಯಾದ ವಾದ ಬೇರೆಯೇ ಇದೆ: ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ಊದಿಕೊಳ್ಳುವ ಓಎಚ್‌ಎಸ್‌ಎಸ್. ಲಾಂಗ್ ಪ್ರೋಟೋಕಾಲ್‌ನಲ್ಲಿ ಮಾತ್ರೆ ತೆಗೆದುಕೊಂಡವರಿಗೆ ಇದರ ಅಪಾಯ 0.40 ಪಟ್ಟು, ವ್ಯಾಪ್ತಿ 0.26–0.60, ಪೂರ್ತಿ 1ರ ಕೆಳಗೆ. ಆದರೆ ಆಂಟಗೊನಿಸ್ಟ್ ಜೊತೆ ಅಗೊನಿಸ್ಟ್ ಟ್ರಿಗರ್ (ಅಂಡಾಣು ಪಕ್ವವಾಗಿಸುವ ಕೊನೆಯ ಚುಚ್ಚುಮದ್ದು) ಕೊಟ್ಟು, ಭ್ರೂಣಗಳನ್ನೆಲ್ಲ ಫ್ರೀಜ್ ಮಾಡುವುದಾದರೆ ಆ ಅಪಾಯ ಮೊದಲೇ ಬಹಳ ತಗ್ಗಿರುತ್ತದೆ. ಮಾತ್ರೆಗೆ ಉಳಿಯುವ ಕೆಲಸ ಕಡಿಮೆ.

ವಾಕರಿಕೆ, ಭೇದಿಯಂಥ ಅಡ್ಡಪರಿಣಾಮ ಮೂರು ಪಟ್ಟಿಗೂ ಹೆಚ್ಚು. ಅದಕ್ಕೇ ಸಾಮಾನ್ಯವಾಗಿ ಊಟದ ಜೊತೆ 500 ಮಿ.ಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ) ಮೊದಲೇ ನೋಡಿರಬೇಕು. ಡಾಕ್ಟರನ್ನು ಮೊದಲು ಕೇಳಬೇಕಾದ್ದು ನಿಮ್ಮದು ಯಾವ ಪ್ರೋಟೋಕಾಲ್ ಎಂದು. ಮಧುಮೇಹಕ್ಕಾಗಿ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಈ ಲೆಕ್ಕ ನೋಡಿ ನೀವಾಗಿಯೇ ನಿಲ್ಲಿಸಬೇಡಿ.